ಉಚಿತವೇ, ಮುಕ್ತವೇ? – ಡೆಬಿಯನ್ ಬೇಡವೆಂದ ಕಥೆ



ರಕ್ತದಾನ ಉಚಿತ. ಆದರೂ ದಾನವಾಗಿ ಬಂದಿತೆಂಬ ಕಾರಣಕ್ಕೆ ಯಾರ ರಕ್ತವನ್ನೂ ಯಾರಿಗೂ ಏರಿಸುವಂತಿಲ್ಲ, ಗುಂಪು ಹೊಂದಬೇಕು. ತಂತ್ರಾಂಶಗಳಿಗೂ ಇಂಥದೇ ಒಂದು ನಿಯಮವುಂಟು. ನಮ್ಮ ಕೂಟದ ಅನೇಕ ಕುಟುಂಬಗಳಿಗೆ ಅನ್ನವಿತ್ತಿರುವ ಆ ಕ್ಷೇತ್ರದ ಇತಿಹಾಸದಿಂದ ಒಂದು ಪ್ರಸಂಗವನ್ನು, ವೈದ್ಯನಾದ ನಾನು ತಿಳಿದುಕೊಂಡಂತೆ, ತಮ್ಮ ಮುಂದಿಡುತ್ತೇನೆ.

1993ರ ಆಗಸ್ಟ್ ತಿಂಗಳಲ್ಲಿ ಇಯಾನ್ ಮರ್ಡಾಕ್ ಎಂಬ ಅಮೆರಿಕದ ವಿದ್ಯಾರ್ಥಿ ಡೆಬಿಯನ್ ಯೋಜನೆಯನ್ನು ಪ್ರಕಟಿಸಿದರು. ನಾನಾ ದೇಶಗಳವರು ಬರೆದ ಪ್ರೋಗ್ರಾಮುಗಳನ್ನು ಪ್ಯಾಕೇಜುಗಳಾಗಿ ಕಟ್ಟಿ, ಲಿನಕ್ಸ್ ಬಳಸುವವರಿಗೆ ಒಟ್ಟಾಗಿ ಒದಗಿಸುವುದು ಅದರ ಸ್ವಯಂಸೇವಕರ ಕಾರ್ಯ. ಒಂದು ಪ್ಯಾಕೇಜು ನಡೆಯಲು ಬೇರೆ ಯಾವ ಪ್ಯಾಕೇಜುಗಳ ಆಸರೆ ಬೇಕೆಂಬುದನ್ನು ಅದರಲ್ಲಿಯೇ ನಮೂದಿಸಲಾಗುತ್ತದೆ. 1997ರ ಜುಲೈನಲ್ಲಿ ಈ ಬಳಗ ಒಂದು ಸಾಮಾಜಿಕ ಒಪ್ಪಂದವನ್ನು ಅಂಗೀಕರಿಸಿತು. ತನ್ನ ವ್ಯವಸ್ಥೆಯು ಸಂಪೂರ್ಣ ಮುಕ್ತವಾಗಿ ಉಳಿಯುವುದೆಂದು ಅದರಲ್ಲಿ ಮಾತು ಕೊಟ್ಟಿತು. ಮುಕ್ತವೆಂದರೆ ಬೆಲೆಯಿಲ್ಲದ್ದು ಎಂದಷ್ಟೇ ಅರ್ಥವಲ್ಲ. ಮೂಲ ಬರಹವನ್ನು ಯಾರಾದರೂ ಓದಬಹುದು, ತಿದ್ದಬಹುದು, ಮರಳಿ ಹಂಚಬಹುದು.

ಆ ಮಾತಿಗೆ ಬೇಗನೆ ಪರೀಕ್ಷೆ ಬಂದಿತು. 1996ರ ಅಕ್ಟೋಬರಿನಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಶ್ ಆರಂಭಿಸಿದ ಕೆಡಿಇ, ಜನಸಾಮಾನ್ಯರೂ ಬಳಸಬಲ್ಲ ಸುಂದರವಾದ ಮುಖಪರದೆಯನ್ನು ಲಿನಕ್ಸಿಗೆ ತಂದಿತ್ತು. ಅದರ ಬಹುಭಾಗ ಜಿಪಿಎಲ್ ಪರವಾನಗಿಯಲ್ಲಿತ್ತು. ಆದರೆ ಅದು ನಿಂತಿದ್ದುದು ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ಕ್ಯೂಟಿ ಎಂಬ ಗ್ರಂಥಾಲಯದ ಮೇಲೆ. ಮುಕ್ತ ತಂತ್ರಾಂಶ ಬರೆಯುವವರಿಂದ ಆ ಕಂಪನಿ ಹಣ ಕೇಳುತ್ತಿರಲಿಲ್ಲ. ಆದರೆ ಕ್ಯೂಟಿಯನ್ನು ತಿದ್ದಿ ಹಂಚಲು ಅನುಮತಿಯಿರಲಿಲ್ಲ. ಜಿಪಿಎಲ್ ಆದರೋ, ತನ್ನೊಡನೆ ಬೆಸೆದುಕೊಂಡ ಭಾಗಗಳನ್ನೂ ಅದೇ ಸ್ವಾತಂತ್ರ್ಯದೊಂದಿಗೆ ಹಂಚಬೇಕೆಂದು ವಿಧಿಸುತ್ತದೆ. ಎರಡೂ ದಾನಗಳೇ, ಗುಂಪು ಮಾತ್ರ ಹೊಂದಲಿಲ್ಲ.

1998ರ ಅಕ್ಟೋಬರಿನಲ್ಲಿ ಡೆಬಿಯನ್ ಕೆಡಿಇಯನ್ನು ತನ್ನ ಭಂಡಾರದಿಂದ ಹೊರಗಿಟ್ಟಿತು. ಬಳಕೆದಾರರು ಬಯಸುತ್ತಿದ್ದ ವಸ್ತುವನ್ನೇ ಬೇಡವೆನ್ನುವುದು ಸುಲಭವಾಗಿರಲಿಲ್ಲ. ಕೆಡಿಇ ಕರ್ತೃಗಳು ತಮ್ಮ ಬರಹಕ್ಕೆ ವಿನಾಯಿತಿ ಕೊಡಬಹುದಿತ್ತು, ನಿಜ. ಆದರೆ ಅದರೊಳಗೆ ಅನ್ಯರು ಜಿಪಿಎಲ್ ಅಡಿಯಲ್ಲಿ ಬರೆದ ಭಾಗಗಳೂ ಸೇರಿದ್ದವು. ಅವರ ಪರವಾಗಿ ಒಪ್ಪಿಗೆ ನೀಡುವವರು ಯಾರು?

ಈ ನಡುವೆ, 1997ರ ಆಗಸ್ಟಿನಲ್ಲಿಯೇ, ಕ್ಯೂಟಿಯ ಹಂಗಿಲ್ಲದ ಗ್ನೋಮ್ ಯೋಜನೆ ಹುಟ್ಟಿತ್ತು. 1999ರಲ್ಲಿ ಕ್ಯೂಟಿಯ ಎರಡನೆಯ ಆವೃತ್ತಿ ಹೊಸ ಪರವಾನಗಿಯೊಂದಿಗೆ ಬಂದಿತು. ಅದು ಮುಕ್ತವಾಗಿದ್ದರೂ ಜಿಪಿಎಲ್ ಜೊತೆ ಹೊಂದಲಿಲ್ಲ. ಕೊನೆಗೆ 2000ದ ಸೆಪ್ಟೆಂಬರಿನಲ್ಲಿ ಟ್ರೋಲ್‌ಟೆಕ್ ಕ್ಯೂಟಿಯನ್ನು ಜಿಪಿಎಲ್ ಅಡಿಯಲ್ಲಿಯೂ ಬಿಡುಗಡೆ ಮಾಡಿತು. 2002ರ ಜುಲೈನಲ್ಲಿ ಹೊರಬಂದ ಡೆಬಿಯನ್ 3.0ರಲ್ಲಿ ಕೆಡಿಇಗೆ ಸ್ಥಾನ ದೊರೆಯಿತು.

ಈ ಫಲ ಡೆಬಿಯನ್ ಒಂದರಿಂದಲೇ ದೊರೆತುದಲ್ಲ. ಗ್ನೋಮಿನ ಪೈಪೋಟಿಯೂ ಕೆಡಿಇ ಬಳಗದ ಒತ್ತಾಸೆಯೂ ಅದರಲ್ಲಿದ್ದವು. ಆದರೂ ಆ ದಿನ ಡೆಬಿಯನ್ ಕಣ್ಣುಮುಚ್ಚಿಕೊಂಡಿದ್ದರೆ ಅದರ ಒಪ್ಪಂದ ಬರಿಯ ಕಾಗದವಾಗುತ್ತಿತ್ತು. ಇಂದು ನಮ್ಮ ಮಕ್ಕಳು ಬರೆಯುವ ಸಣ್ಣ ಪ್ರೋಗ್ರಾಮಿನಲ್ಲಿಯೂ ಅಪರಿಚಿತರ ಹಲವು ಕೃತಿಗಳು ಬೆಸೆದಿರುತ್ತವೆ. ಅವುಗಳ ಪರವಾನಗಿಯನ್ನು ಓದಿ ನಡೆಯುವುದು, ಕೈಯೆತ್ತಿ ಕೊಟ್ಟವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಗೌರವ.