ನಡಿಗೆಯ ನರಗಳು: ಒಂದು ವಂಶರೋಗದ ಚರಿತ್ರೆ

ಬೆಂಗಳೂರಿನ ದಂಡು ಪ್ರದೇಶದಲ್ಲಿ, ಶಿವಾಜಿನಗರದ ಸಂದಣಿಯ ನಡುವೆ ಇರುವ ಬೌರಿಂಗ್ ಆಸ್ಪತ್ರೆಯನ್ನು ನೀವು ಕಂಡೇ ಇರುತ್ತೀರಿ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೂಯಿನ್ ಬೌರಿಂಗ್ ಅವರ ಹೆಸರನ್ನು ಅದು ಹೊತ್ತಿದೆ. 1868ರಲ್ಲಿ ಕಟ್ಟಿ ಮುಗಿದ ಈ ಆಸ್ಪತ್ರೆಗೆ ಮಾದರಿಯಾದದ್ದು ಪ್ಯಾರಿಸ್ ನಗರದ ಲಾರಿಬ್ವಾಸಿಯೇರ್ ಆಸ್ಪತ್ರೆ. ರೋಗಿಗಳ ವಾರ್ಡುಗಳನ್ನು ಬಿಡಿಬಿಡಿಯಾಗಿ ಕಟ್ಟಿ ನಡುವೆ ಗಾಳಿ ಬೆಳಕು ಆಡುವಂತೆ ಮಾಡುವುದು ಅಂದಿನ ಹೊಸ ಪದ್ಧತಿ.

ಅದೇ ಪ್ಯಾರಿಸ್ಸಿನ ಇನ್ನೊಂದು ಆಸ್ಪತ್ರೆ ಸಾಲ್ಪೆತ್ರಿಯೇರ್. ಬೌರಿಂಗ್ ಇಲ್ಲಿ ಅಧಿಕಾರ ವಹಿಸಿದ 1862ರಲ್ಲೇ ಅಲ್ಲಿಗೆ ವೈದ್ಯನಾಗಿ ಬಂದವನು ಜಾನ್ ಮಾರ್ಟಿನ್ ಷಾರ್ಕೋ. ಅವನೂ ಅವನ ಶಿಷ್ಯ ಪಿಯರ್ ಮಾರಿಯೂ 1886ರಲ್ಲಿ ಐವರು ರೋಗಿಗಳ ವಿಚಾರವಾಗಿ ಒಂದು ಲೇಖನ ಪ್ರಕಟಿಸಿದರು. ಅದೇ ವರ್ಷ ಇಂಗ್ಲೆಂಡಿನ ಹೋವರ್ಡ್ ಟೂತ್ ಎಂಬ ತರುಣ ವೈದ್ಯ ಕೇಂಬ್ರಿಜ್ಜಿಗೆ ಒಪ್ಪಿಸಿದ ಪ್ರಬಂಧದಲ್ಲಿ ಅದೇ ರೋಗವನ್ನು ವರ್ಣಿಸಿದನು. ಕೇಡು ಬೆನ್ನುಹುರಿಯಲ್ಲಿರಬಹುದೆಂದು ಪ್ಯಾರಿಸ್ಸಿನವರ ಊಹೆ. ಅಲ್ಲ, ಕೈಕಾಲಿಗೆ ಹರಿಯುವ ನರಗಳಲ್ಲೇ ಇದೆ ಎಂದು ಟೂತ್ ಹೇಳಿದನು. ಅವನ ಮಾತೇ ನಿಜವಾಯಿತು. ರೋಗಕ್ಕೆ ಮೂವರ ಹೆಸರೂ ನಿಂತಿತು: ಷಾರ್ಕೋ-ಮಾರಿ-ಟೂತ್.

ಈ ರೋಗದ ಲಕ್ಷಣಗಳೇನು? ಹುಡುಗ ಓಡುವಾಗ ಪದೇ ಪದೇ ಎಡವುತ್ತಾನೆ. ಮುಂಗಾಲು ಜೋತು ಬೀಳುವುದರಿಂದ ಮೆಟ್ಟಿಲು ಹತ್ತುವವನಂತೆ ಮೊಣಕಾಲೆತ್ತಿ ನಡೆಯುತ್ತಾನೆ. ಅಂಗಾಲಿನ ಕಮಾನು ಎತ್ತರವಾಗಿ ಬೆರಳುಗಳು ಮಡಚಿಕೊಳ್ಳುತ್ತವೆ. ಮೊಣಕಾಲಿನ ಕೆಳಗೆ ಮಾಂಸ ಸೊರಗಿ ಕಾಲು ಕೊಕ್ಕರೆಯ ಕಾಲಿನಂತಾಗುತ್ತದೆ. ವರ್ಷಗಳು ಕಳೆದಂತೆ ಕೈಬೆರಳುಗಳೂ ಬಲಗುಂದಿ ಗುಂಡಿ ಹಾಕುವುದು ಕಷ್ಟವಾಗುತ್ತದೆ, ಸ್ಪರ್ಶಜ್ಞಾನವೂ ಮಂದವಾಗುತ್ತದೆ.

ಪಾದಕ್ಕೇ ಮೊದಲ ಪೆಟ್ಟು ಏಕೆ? ಪಾದಕ್ಕೆ ಹೋಗುವ ನರತಂತುಗಳೇ ಅತ್ಯಂತ ಉದ್ದವಾದುವು. ತಂತುವಿನ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತಿರುತ್ತದೆ, ನಡುನಡುವೆ ಚಿಕ್ಕ ಬಿಡುವುಗಳಿರುತ್ತವೆ. ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ನೆಗೆದು ದಾಟುವವನಂತೆ ಸುದ್ದಿ ಒಂದು ಬಿಡುವಿನಿಂದ ಇನ್ನೊಂದಕ್ಕೆ ನೆಗೆಯುತ್ತದೆ. ಆರೋಗ್ಯವಂತನ ಮುಂಗೈಯ ನರದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 50 ಮೀಟರು. ಹೊದಿಕೆ ಕೆಟ್ಟವರಲ್ಲಿ ಅದು 38ಕ್ಕಿಂತ ಕೆಳಗಿಳಿಯುತ್ತದೆ. ಇನ್ನು ಕೆಲವರಲ್ಲಿ ಹೊದಿಕೆ ಚೆನ್ನಾಗಿದ್ದು ಒಳಗಿನ ತಂತುವೇ ಸವೆಯುತ್ತದೆ. ಅಮೆರಿಕದ ಡೈಕ್ ಮತ್ತು ಲ್ಯಾಂಬರ್ಟ್ 1968ರಲ್ಲಿ ಈ ವೇಗವನ್ನೇ ಆಧಾರ ಮಾಡಿಕೊಂಡು ರೋಗದ ಬಗೆಗಳನ್ನು ವಿಂಗಡಿಸಿದರು. 1991ರಲ್ಲಿ ಇದರ ಮುಖ್ಯವಾದ ಬಗೆಗೆ ಕಾರಣ ಸಿಕ್ಕಿತು: 17ನೆಯ ವರ್ಣತಂತುವಿನ ಒಂದು ತುಣುಕು ಇಮ್ಮಡಿಯಾಗಿರುತ್ತದೆ. ಹೊದಿಕೆಯ ಒಂದು ಪ್ರೋಟೀನನ್ನು ರೂಪಿಸುವ ಜೀನು ಅದರಲ್ಲಿದೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ? 1974ರಲ್ಲಿ ಪ್ರಕಟವಾದ ನಾರ್ವೆ ದೇಶದ ಎಣಿಕೆಯಂತೆ 2,500 ಜನರಲ್ಲಿ ಒಬ್ಬರಿಗೆ ಈ ರೋಗವಿರುತ್ತದೆ. ಅಪರೂಪವೆನ್ನುವಷ್ಟು ಅಪರೂಪವೇನಲ್ಲ.

ನಮ್ಮಲ್ಲಿ ಇನ್ನೊಂದು ಸಂಕಟವುಂಟು. ಮರಗಟ್ಟಿದ ಪಾದ, ಮಡಚಿದ ಬೆರಳು ಕಂಡೊಡನೆ ಕುಷ್ಠವೆಂಬ ಶಂಕೆ. ಅಣ್ಣತಮ್ಮಂದಿರಿಗೂ ಬಂದರೆ ಮನೆತನದ ಶಾಪವೆಂಬ ಮಾತು. ಚರಿತ್ರೆ ಇಲ್ಲಿ ಒಂದು ವಿಚಿತ್ರವನ್ನು ತೋರಿಸುತ್ತದೆ. ಕುಷ್ಠವು ವಂಶಪಾರಂಪರ್ಯವೆಂದು 1847ರಲ್ಲಿ ನಾರ್ವೆಯ ಡೇನಿಯಲ್ಸನ್ ಮತ್ತು ಬೋಕ್ ಎಂಬ ಪಂಡಿತರೇ ಬರೆದಿದ್ದರು. 1873ರಲ್ಲಿ ಅದೇ ದೇಶದ ಹ್ಯಾನ್ಸನ್ ಅದರ ಸೂಕ್ಷ್ಮಜೀವಿಯನ್ನು ಕಂಡನು. ಹೀಗೆ, ವಂಶದಿಂದ ಬರುತ್ತದೆಂದು ನಂಬಿದ್ದ ರೋಗ ಸೋಂಕಾಯಿತು. ಇಂದು ಔಷಧಿಯಿಂದ ಗುಣವಾಗುತ್ತದೆ. ಸೋಂಕೆಂದು ಜನ ಹೆದರಿ ದೂರವಿಡುವ ಈ ರೋಗವೋ, ಯಾರಿಗೂ ಅಂಟುವಂಥದಲ್ಲ. ಆದ್ದರಿಂದ ಎರಡನ್ನೂ ಬೇರ್ಪಡಿಸಿ ತಿಳಿಯುವುದು ಅತ್ಯಾವಶ್ಯಕ. ಕುಷ್ಠವಾದರೆ ತಡಮಾಡಬಾರದು, ಅಲ್ಲವಾದರೆ ಇಲ್ಲದ ಕಳಂಕವನ್ನು ಹೊರಿಸಬಾರದು.

ಮದುವೆಯ ಮಾತೂ ಇಲ್ಲಿ ಬರುತ್ತದೆ. ಈ ರೋಗದ ಹೆಚ್ಚಿನ ಬಗೆಗಳಲ್ಲಿ ತಂದೆ ತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಕೆಲವು ಬಗೆಗಳಲ್ಲಿ ಇಬ್ಬರೂ ಆರೋಗ್ಯವಾಗಿಯೇ ಕಂಡರೂ ದೋಷವನ್ನು ಒಳಗೆ ಹೊತ್ತಿರುತ್ತಾರೆ, ಆಗ ನಾಲ್ಕರಲ್ಲೊಂದು. ಸೋದರಮಾವ, ಅತ್ತೆಯ ಮಗ ಎಂದು ಒಳಗೊಳಗೇ ಸಂಬಂಧ ಬೆಳೆಸಿದಾಗ ಅಂಥ ಇಬ್ಬರು ಕೂಡುವ ಅವಕಾಶ ಹೆಚ್ಚು. ತಾಯಿಯನ್ನೋ ಸೊಸೆಯನ್ನೋ ದೂರುವುದಕ್ಕೆ ಇದರಲ್ಲಿ ಎಡೆಯಿಲ್ಲ.

ರೋಗವನ್ನು ಬೇರುಸಹಿತ ಕೀಳುವ ಔಷಧ ಇನ್ನೂ ಬಂದಿಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಾಗಿಲ್ಲ. ಪಾದವನ್ನು ಎತ್ತಿ ಹಿಡಿಯುವ ಪಟ್ಟಿ, ತಕ್ಕ ಬೂಟು, ಹಿತಮಿತವಾದ ವ್ಯಾಯಾಮ, ಅಗತ್ಯವಾದಲ್ಲಿ ಶಸ್ತ್ರಚಿಕಿತ್ಸೆ — ಇವುಗಳಿಂದ ನಡಿಗೆ ಉಳಿಯುತ್ತದೆ. ವಿನ್‌ಕ್ರಿಸ್ಟಿನ್‌ನಂಥ ಕೆಲವು ಕ್ಯಾನ್ಸರ್ ಔಷಧಗಳು ಇಂಥ ನರಗಳಿಗೆ ತೀವ್ರ ಹಾನಿ ಮಾಡಬಲ್ಲವಾದ್ದರಿಂದ, ಯಾವ ಚಿಕಿತ್ಸೆಗೆ ಹೋದರೂ ಮನೆತನದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ನರದ ವೇಗವನ್ನು ಅಳೆಯುವುದೂ ಜೀನಿನ ಪರೀಕ್ಷೆಯೂ ಈಗ ಬೆಂಗಳೂರಿನಲ್ಲೇ ಆಗುತ್ತವೆ.

ಹಲಸೂರಿನಲ್ಲಾಗಲಿ ಕೃಷ್ಣರಾಜಪುರದಲ್ಲಾಗಲಿ, ನಿಮ್ಮ ಬೀದಿಯ ಮಗುವೊಂದು ಮೇಲಿಂದ ಮೇಲೆ ಎಡವುತ್ತಿದ್ದರೆ ಸೋಮಾರಿಯೆಂದು ಗದರಿಸಬೇಡಿ. ಅದರ ಚಪ್ಪಲಿ ಯಾವ ಕಡೆ ಸವೆದಿದೆ, ಅಂಗಾಲು ಹೇಗಿದೆ ನೋಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.