ಪೆಂತೆಕೋಸ್ತ್: ಅವರವರ ಭಾಷೆಯಲ್ಲಿ ಕೇಳಿಸಿದ ಶುಭಸಂದೇಶ

ಧರ್ಮಸಭೆಯ ಮೂರು ಪ್ರಮುಖ ಹಬ್ಬಗಳೆಂದರೆ ಕ್ರಿಸ್ತ ಜಯಂತಿ, ಪಾಸ್ಕ ಮತ್ತು ಪೆಂತೆಕೋಸ್ತ್. ಮೊದಲ ಎರಡಕ್ಕೆ ಇರುವ ಸಂಭ್ರಮ ಮೂರನೆಯದಕ್ಕೆ ನಮ್ಮಲ್ಲಿ ಅಷ್ಟಾಗಿ ಕಾಣುವುದಿಲ್ಲ. ಆದರೆ ಧರ್ಮಸಭೆ ಲೋಕದ ಮುಂದೆ ಬಹಿರಂಗವಾಗಿ ಪ್ರಕಟವಾದದ್ದು ಈ ದಿನವೇ.

ಹಬ್ಬದ ಮೂಲ

ಪೆಂತೆಕೋಸ್ತ್ ಎಂಬ ಗ್ರೀಕ್ ಮೂಲದ ಪದಕ್ಕೆ ‘ಐವತ್ತನೆಯದು’ ಎಂದರ್ಥ. ಪಾಸ್ಕ ಭಾನುವಾರವನ್ನೂ ಸೇರಿಸಿ ಎಣಿಸಿದರೆ ಐವತ್ತನೆಯ ದಿನ ಈ ಹಬ್ಬ ಬರುತ್ತದೆ. ಆದ್ದರಿಂದ ಇದು ಮೇ 10ರಿಂದ ಜೂನ್ 13ರೊಳಗಿನ ಒಂದು ಭಾನುವಾರ. ಯೆಹೂದ್ಯರಿಗೆ ಇದು ‘ವಾರಗಳ ಹಬ್ಬ’. ಗೋಧಿಯ ಪ್ರಥಮ ಫಲವನ್ನು ದೇವರಿಗೆ ಅರ್ಪಿಸುವ ದಿನ. ಮುಂದೆ ಇದು ಸಿನಾಯ್ ಬೆಟ್ಟದಲ್ಲಿ ಧರ್ಮಶಾಸ್ತ್ರ ದೊರೆತುದರ ಸ್ಮರಣೆಯೂ ಆಯಿತು. ಈ ಹಬ್ಬಕ್ಕಾಗಿ ದೂರದೂರದ ನಾಡುಗಳಿಂದ ಯಾತ್ರಿಕರು ಜೆರುಸಲೇಮಿಗೆ ಬರುತ್ತಿದ್ದರು.

ಅಂದು ನಡೆದದ್ದು

ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯ ಈ ಘಟನೆಯನ್ನು ವಿವರಿಸುತ್ತದೆ. ಒಟ್ಟಾಗಿ ಸೇರಿದ್ದ ಶಿಷ್ಯರ ಮೇಲೆ, ಬಿರುಗಾಳಿಯಂತಹ ಸದ್ದಿನ ನಡುವೆ, ಬೆಂಕಿಯ ನಾಲಗೆಗಳ ರೂಪದಲ್ಲಿ ಪವಿತ್ರಾತ್ಮರು ಇಳಿದು ಬಂದರು. ಶಿಷ್ಯರು ಬೇರೆ ಬೇರೆ ಭಾಷೆಗಳಲ್ಲಿ ಮಾತನಾಡತೊಡಗಿದರು. ಪಾರ್ಥಿಯರು, ಮೇದ್ಯರು, ಈಜಿಪ್ಟ್, ರೋಮ್, ಕ್ರೇತ್ ಮತ್ತು ಅರೇಬಿಯದಿಂದ ಬಂದವರು ಗಲಿಲೇಯದವರ ಬಾಯಲ್ಲಿ ತಮ್ಮ ತಮ್ಮ ಹುಟ್ಟುನುಡಿಯನ್ನು ಕೇಳಿ ಬೆರಗಾದರು. ಬಳಿಕ ಪೇತ್ರ ಬೋಧಿಸಿದಾಗ ಸುಮಾರು 3,000 ಮಂದಿ ದೀಕ್ಷಾಸ್ನಾನ ಪಡೆದರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಪವಿತ್ರಾತ್ಮರು ನೆರೆದವರಿಗೆಲ್ಲ ಒಂದೇ ಭಾಷೆಯನ್ನು ಕಲಿಸಲಿಲ್ಲ. ಸಾರುವವರೇ ಕೇಳುವವರ ಭಾಷೆಗೆ ಬಂದರು. ಹಬ್ಬದ ಹಿಂದಿನ ಸಂಜೆಯ ಜಾಗರಣೆಯ ಪೂಜೆಗೆ ನೀಡಿರುವ ವಾಚನಗಳಲ್ಲಿ ಆದಿಕಾಂಡದ ಬಾಬೆಲ್ ಗೋಪುರದ ಕಥೆ ಇರುವುದೂ ಇದೇ ಕಾರಣಕ್ಕೆ. ಬಾಬೆಲ್‌ನಲ್ಲಿ ಅಹಂಕಾರ ಜನರನ್ನು ಚದುರಿಸಿತು. ಜೆರುಸಲೇಮಿನಲ್ಲಿ ಭಾಷೆಗಳು ಹಲವಾಗಿಯೇ ಉಳಿದು, ಜನರು ಒಂದಾದರು.

ಮೊದಲ ದೂರು

ಈ ಐಕ್ಯಕ್ಕೆ ಬೇಗನೆ ಪರೀಕ್ಷೆಯೂ ಬಂತು. ದೈನಂದಿನ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವ ವಿಶ್ವಾಸಿಗಳು ಹೀಬ್ರೂ ಮಾತನಾಡುವವರ ಮೇಲೆ ದೂರಿದರೆಂದು ಅದೇ ಗ್ರಂಥದ ಆರನೆಯ ಅಧ್ಯಾಯ ಹೇಳುತ್ತದೆ. ಪ್ರೇಷಿತರು ದೂರಿದವರ ಬಾಯಿ ಮುಚ್ಚಿಸಲಿಲ್ಲ. ಪವಿತ್ರಾತ್ಮಭರಿತರಾದ ಏಳು ಮಂದಿಯನ್ನು ಆರಿಸುವಂತೆ ಸಭೆಗೆ ತಿಳಿಸಿದರು. ಆಯ್ಕೆಯಾದ ಏಳೂ ಮಂದಿಯದು ಗ್ರೀಕ್ ಹೆಸರು. ಸಂತ ಸ್ತೇಫನ ಅವರಲ್ಲಿ ಒಬ್ಬರು.

ಪೂಜಾವಿಧಿಯಲ್ಲಿ

ಈ ದಿನ ಯಾಜಕರು ಬೆಂಕಿಯ ಸಂಕೇತವಾದ ಕೆಂಪು ಪೂಜಾವಸ್ತ್ರ ಧರಿಸುತ್ತಾರೆ. ಶುಭಸಂದೇಶಕ್ಕೆ ಮೊದಲು ಪವಿತ್ರಾತ್ಮರನ್ನು ಆಹ್ವಾನಿಸುವ ವಿಶೇಷ ಗೀತೆಯನ್ನು ಹಾಡಲಾಗುತ್ತದೆ. ಹಬ್ಬದೊಂದಿಗೆ ಪಾಸ್ಕಕಾಲ ಮುಗಿಯುತ್ತದೆ. ಪಾಸ್ಕ ಮೇಣದಬತ್ತಿಯನ್ನು ದೀಕ್ಷಾಸ್ನಾನದ ಸ್ಥಳದ ಬಳಿ ಇರಿಸಿ, ಮುಂದೆ ದೀಕ್ಷಾಸ್ನಾನ ಹಾಗೂ ಅಂತ್ಯಕ್ರಿಯೆಗಳಲ್ಲಿ ಬೆಳಗಿಸಲಾಗುತ್ತದೆ. ಹಬ್ಬಕ್ಕೆ ಮುನ್ನ ಒಂಬತ್ತು ದಿನ ನವೇನ ನಡೆಸುವಂತೆ ಪೋಪ್ ಹದಿಮೂರನೆಯ ಲಿಯೊ 1897ರಲ್ಲಿ ಸೂಚಿಸಿದರು. ಶಿಷ್ಯರೊಂದಿಗೆ ಪ್ರಾರ್ಥನೆಯಲ್ಲಿದ್ದ ಮಾತೆ ಮರಿಯಳನ್ನು ‘ಧರ್ಮಸಭೆಯ ಮಾತೆ’ ಎಂದು ಹಬ್ಬದ ಮರುದಿನ, ಸೋಮವಾರ, 2018ರಿಂದ ಸ್ಮರಿಸಲಾಗುತ್ತಿದೆ.

ನಮ್ಮ ಧರ್ಮಕೇಂದ್ರಗಳಲ್ಲಿ

ಜನರ ಭಾಷೆಯಲ್ಲಿ ಪೂಜಾವಿಧಿ ನಡೆಸಲು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದಾರಿ ತೆರೆಯಿತು. ಕರಾವಳಿಯ ಕಥೋಲಿಕರಿಗೆ ಬಹುಭಾಷೆ ಹೊಸತೇನಲ್ಲ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. 1938ರಲ್ಲಿ ಮಂಗಳೂರಿನಲ್ಲಿ ಆರಂಭವಾದ ‘ರಾಕ್ಣೊ’ ಪತ್ರಿಕೆಯ ಭಾಷೆ ಕೊಂಕಣಿ, ಲಿಪಿ ಕನ್ನಡ. ಆದರೂ ಯಾವ ಭಾಷೆಗೆ ಯಾವ ಹೊತ್ತಿನ ಪೂಜೆ ಎಂಬ ಮಾತು ಬಂದಾಗ ಮನಸ್ಸುಗಳು ಮುರಿಯುವುದುಂಟು. ಇಂದು ಜಾರ್ಖಂಡ್, ಒಡಿಶಾಗಳಿಂದ ದುಡಿಯಲು ಬಂದ ಕಥೋಲಿಕರೂ ನಮ್ಮ ಇಗರ್ಜಿಗಳ ಹಿಂದಿನ ಬೆಂಚುಗಳಲ್ಲಿ ಕುಳಿತಿರುತ್ತಾರೆ. ಪೂಜೆ ಮುಗಿದೊಡನೆ ಯಾರೊಂದಿಗೂ ಮಾತಿಲ್ಲದೆ ಹೊರಟುಹೋಗುತ್ತಾರೆ.

ಹಬ್ಬದ ದಿನ ವಿಶ್ವಾಸಿಗಳ ಪ್ರಾರ್ಥನೆಯ ಒಂದು ಬಿನ್ನಹವನ್ನು ಅವರ ಭಾಷೆಯಲ್ಲಿ ಅವರಿಂದಲೇ ಓದಿಸಬಹುದು. ಗುರಿಕಾರರು ತಮ್ಮ ವಾರ್ಡಿನಲ್ಲಿ ಬಾಡಿಗೆಗೆ ಇರುವ ಇಂತಹವರನ್ನು ಭೇಟಿಯಾಗಿ ಹೆಸರು ಕೇಳಿ ತಿಳಿಯಬಹುದು. ಇದಕ್ಕೆ ಖರ್ಚೇನೂ ಇಲ್ಲ. ಆದರೆ ಹಬ್ಬದ ವೇದಿಕೆಯಲ್ಲಿ ಹಲವು ಭಾಷೆ ಕೇಳಿಸಿ, ವರ್ಷವಿಡೀ ಅವರ ಕಷ್ಟ ಯಾರಿಗೂ ಕೇಳಿಸದಿದ್ದರೆ ಅದು ಪೆಂತೆಕೋಸ್ತ್ ಆಗುವುದಿಲ್ಲ. ಆ ವಿಧವೆಯರ ದೂರಿಗೆ ಕಿವಿಗೊಟ್ಟ ಪ್ರೇಷಿತರೇ ಈ ವಿಷಯದಲ್ಲಿ ನಮಗೆ ಮಾದರಿ.