ನೀಲಿ ವೈರಿನ ಜಾಡಿನಲ್ಲಿ

ಅಮೆರಿಕದ ಬೇಸಿಗೆ ರಜೆಯಲ್ಲಿ ಪಿಕಪ್ ಟ್ರಕ್ಕಿನ ಹಿಂದೆ ಮೂರು ಟನ್ನಿನ ಕ್ಯಾಂಪಿಂಗ್ ಟ್ರೇಲರ್ ಕಟ್ಟಿಕೊಂಡು ಹೊರಡುವುದು ಮಾಮೂಲು. ಅಷ್ಟು ತೂಕವನ್ನು ಎಳೆಯುವುದು ಎಂಜಿನ್ನಿಗೆ ದೊಡ್ಡ ವಿಷಯವಲ್ಲ, ಕಷ್ಟವಿರುವುದು ನಿಲ್ಲಿಸುವುದರಲ್ಲಿ. ಟ್ರಕ್ಕಿನ ಬ್ರೇಕುಗಳ ಮೇಲೇ ಎಲ್ಲ ಭಾರ ಬಿಟ್ಟರೆ ಇಳಿಜಾರಿನಲ್ಲಿ ಹಿಂದಿನ ಗಾಡಿ ಮುಂದಿನದನ್ನು ತಳ್ಳುತ್ತದೆ, ತಿರುವಿನಲ್ಲಿ ಅಡ್ಡಕ್ಕೆ ಎಳೆಯುತ್ತದೆ. ಅದಕ್ಕೇ ಟ್ರೇಲರಿಗೆ ತನ್ನದೇ ಬ್ರೇಕು ಬೇಕು. 3,000 ಪೌಂಡಿಗಿಂತ, ಅಂದರೆ ಸುಮಾರು 1,360 ಕಿಲೋಗಿಂತ, ಹೆಚ್ಚು ತೂಗುವ ಟ್ರೇಲರಿಗೆ ಬ್ರೇಕು ಕಡ್ಡಾಯ ಎಂಬ ಲೆಕ್ಕ ಅಲ್ಲಿನ ಬಹಳಷ್ಟು ರಾಜ್ಯಗಳಲ್ಲಿದೆ; ಕೆಲವೆಡೆ ಇನ್ನೂ ಕಡಿಮೆ ತೂಕಕ್ಕೇ ನಿಯಮ ಶುರುವಾಗುತ್ತದೆ. ಯುರೋಪಿನವರು ಇದಕ್ಕೆ ಕರೆಂಟು ಬಳಸುವುದಿಲ್ಲ. ಟ್ರೇಲರ್ ಮುಂದಕ್ಕೆ ನುಗ್ಗುವ ಒತ್ತಡವನ್ನೇ ಕೊಂಡಿಯಲ್ಲಿ ಹಿಡಿದು ಸರಳಿನ ಮೂಲಕ ಬ್ರೇಕಿಗೆ ಕೊಡುತ್ತಾರೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಮಾತ್ರ ವಿದ್ಯುತ್ ಬ್ರೇಕು ಬೇರೂರಿತು.

ಅದರ ಮೂಲ ಹುಡುಕಿದರೆ ವಿಸ್ಕಾನ್ಸಿನ್ ರಾಜ್ಯದ ಬೆಲಾಯ್ಟ್ ಊರಿಗೆ ಬರುತ್ತೇವೆ. ಕಾರಿನ ಸ್ಪೀಡೋಮೀಟರಿನಿಂದ ಮೊದಲೇ ಹೆಸರು ಮಾಡಿದ್ದ ಆರ್ಥರ್ ವಾರ್ನರ್ 1927ರಲ್ಲಿ ಅಲ್ಲಿ ವಿದ್ಯುತ್ ಬ್ರೇಕಿನ ಕಂಪನಿ ಕಟ್ಟಿದರು. ಇವತ್ತು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತಮುತ್ತಲ ಕಾರ್ಖಾನೆಗಳಿಂದ ಹೊರಬರುವ ಟ್ರೇಲರಿನ ಡ್ರಮ್ ಬಿಚ್ಚಿದರೂ ಕಾಣುವುದು ಆ ಕಾಲದ ತತ್ವವೇ. ಒಳಗೆ ಎರಡು ಬ್ರೇಕ್ ಶೂ, ಒಂದು ಸನ್ನೆ, ಆ ಸನ್ನೆಯ ತುದಿಯಲ್ಲಿ ಅಂಗೈಯಗಲದ ಒಂದು ವಿದ್ಯುತ್ ಮ್ಯಾಗ್ನೆಟ್. ಕರೆಂಟು ಹರಿದಾಗ ಮ್ಯಾಗ್ನೆಟ್ಟು ತಿರುಗುತ್ತಿರುವ ಡ್ರಮ್ಮಿನ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಡ್ರಮ್ಮು ಅದನ್ನು ತನ್ನ ಜೊತೆ ಸ್ವಲ್ಪ ದೂರ ಎಳೆದೊಯ್ಯುತ್ತದೆ, ಸನ್ನೆ ವಾಲುತ್ತದೆ, ಶೂಗಳು ಅಗಲಿ ಡ್ರಮ್ಮನ್ನು ಒತ್ತುತ್ತವೆ. ಬ್ರೇಕು ಹಾಕುವ ಬಲದ ಬಹುಪಾಲು ಬರುವುದು ಚಕ್ರದ ತಿರುಗಾಟದಿಂದಲೇ. ಮ್ಯಾಗ್ನೆಟ್ಟಿನ ಕೆಲಸ ಅದಕ್ಕೆ ಚಾಲನೆ ಕೊಡುವುದಷ್ಟೆ. ಹಾಗಾಗಿ ಒಂದು ಚಕ್ರಕ್ಕೆ ಮೂರು ಆಂಪಿಯರಿನಷ್ಟು ಕರೆಂಟು ಸಾಕು. ಹಿಂದಕ್ಕೆ ಚಲಿಸುವಾಗ ಈ ಬ್ರೇಕು ಮುಂದಕ್ಕೆ ಹೋಗುವಾಗಿನಷ್ಟು ಹಿಡಿಯದಿರುವುದಕ್ಕೆ ಕಾರಣವೂ ಇದೇ ಜೋಡಣೆ.

ಡ್ರಮ್ಮಿನ ಒಳಗೆ ಹೆಚ್ಚೇನೂ ಬದಲಾಗಲಿಲ್ಲ. ಬದಲಾದದ್ದು ಆ ಕರೆಂಟನ್ನು ಅಳೆದು ಕೊಡುವ ಕಂಟ್ರೋಲರ್. ಕೆಲ್ಸಿ-ಹೇಯ್ಸ್‌ನಂಥ ಕಂಪನಿಗಳ ಹಳೆಯ ಕಂಟ್ರೋಲರುಗಳಲ್ಲಿ ಟ್ರಕ್ಕಿನ ಬ್ರೇಕ್ ಎಣ್ಣೆಯ ಪೈಪಿನಿಂದ ಒಂದು ಕವಲು ತೆಗೆದು ಪಿಸ್ಟನ್ನಿಗೆ ಕೊಡುತ್ತಿದ್ದರು. ಪೆಡಲ್ ಎಷ್ಟು ಒತ್ತಿದರೆ ಪಿಸ್ಟನ್ ಅಷ್ಟು ಸರಿದು, ಟ್ರೇಲರಿಗೆ ಹೋಗುವ ಕರೆಂಟು ಅಷ್ಟು ಹೆಚ್ಚುತ್ತಿತ್ತು. ಪಾದದ ಒತ್ತಡಕ್ಕೂ ಟ್ರೇಲರಿನ ಹಿಡಿತಕ್ಕೂ ಅಷ್ಟು ನೇರವಾದ ನಂಟು ಆಮೇಲೆ ಬಹಳ ಕಾಲ ಮತ್ತೆ ಸಿಗಲಿಲ್ಲ. ಫೋರ್ಡ್ 1987ರಲ್ಲಿ ತನ್ನ ಪಿಕಪ್‌ಗಳ ಹಿಂಚಕ್ರಕ್ಕೆ ಎಬಿಎಸ್, ಅಂದರೆ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ, ಕೊಟ್ಟಿತು, ಉಳಿದವರೂ ಅದೇ ದಾರಿ ಹಿಡಿದರು. ಎಣ್ಣೆಯ ಒತ್ತಡವನ್ನು ಕ್ಷಣಕ್ಷಣಕ್ಕೂ ಏರಿಳಿಸುವ ಅಂಥ ವ್ಯವಸ್ಥೆಯ ಪೈಪು ಕೊಯ್ದು ಕವಲು ತೆಗೆಯುವುದನ್ನು ಯಾವ ಕಂಪನಿ ಒಪ್ಪೀತು?

ಆ ಜಾಗಕ್ಕೆ ಬಂದ ಅಗ್ಗದ ಕಂಟ್ರೋಲರುಗಳು ಬ್ರೇಕ್ ಲೈಟಿನ ಸ್ವಿಚ್ಚನ್ನಷ್ಟೇ ನೋಡುತ್ತಿದ್ದವು. ಲೈಟು ಹತ್ತಿತೆಂದರೆ ಮೊದಲೇ ಗೊತ್ತುಮಾಡಿದ ವೇಗದಲ್ಲಿ ವೋಲ್ಟೇಜ್ ಏರಿಸುತ್ತಿದ್ದವು. ಎದುರಿಗೆ ಜಿಂಕೆ ಬಂದದ್ದಕ್ಕೂ ಸಿಗ್ನಲ್ಲಿಗೆ ನಿಧಾನ ಮಾಡಿದ್ದಕ್ಕೂ ಅವುಗಳ ಪಾಲಿಗೆ ವ್ಯತ್ಯಾಸವಿರಲಿಲ್ಲ. ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲಿ ಅದು ಹಿಂದಕ್ಕೆ ಇಟ್ಟ ಹೆಜ್ಜೆ. ಲೋಲಕ ತೂಗುಹಾಕಿ ವಾಹನದ ವೇಗ ತಗ್ಗುವುದನ್ನು ಅಳೆಯುವ ಬಗೆ ಅದಕ್ಕಿಂತ ವಾಸಿ. ಟೆಕಾನ್ಷಾ ಕಂಪನಿಯ ಪ್ರಾಡಿಜಿಯಂಥ ಕಂಟ್ರೋಲರುಗಳು ಆ ಕೆಲಸವನ್ನು ಎಲೆಕ್ಟ್ರಾನಿಕ್ ಸಂವೇದಕಕ್ಕೆ ಒಪ್ಪಿಸಿದಾಗ ಹಿಡಿತ ನಯವಾಯಿತು. ಆದರೂ ಇವೆಲ್ಲ ಡ್ಯಾಶ್‌ಬೋರ್ಡಿನ ಕೆಳಗೆ ಸ್ಕ್ರೂ ಹೊಡೆದು ಕೂರಿಸಿದ ಪೆಟ್ಟಿಗೆಗಳು. ಮೊಣಕಾಲಿಗೆ ತಗಲುತ್ತಿದ್ದವು, ವೈರಿಂಗ್ ಯಾರು ಮಾಡಿದರೋ ಅವರ ಕೈಗುಣದ ಮೇಲೆ ಎಲ್ಲ ನಿಂತಿರುತ್ತಿತ್ತು.

2005ರ ಫೋರ್ಡ್ ಸೂಪರ್ ಡ್ಯೂಟಿ ಕಾರ್ಖಾನೆಯಲ್ಲೇ ಅಳವಡಿಸಿದ ಕಂಟ್ರೋಲರ್ ಹೊತ್ತು ಬಂತು. ಎರಡು ವರ್ಷದಲ್ಲಿ ಜನರಲ್ ಮೋಟರ್ಸ್, 2010ರಲ್ಲಿ ರ‍್ಯಾಮ್‌ನ ದೊಡ್ಡ ಪಿಕಪ್‌ಗಳು, 2014ರಲ್ಲಿ ಟೊಯೋಟ ಟಂಡ್ರಾ ಹಿಂಬಾಲಿಸಿದವು. ಆ ಪೆಟ್ಟಿಗೆಗಳಿಗೆ ಸಿಗದಿದ್ದ ಮಾಹಿತಿ ಇದಕ್ಕೆ ವಾಹನದ ಒಳಜಾಲದಿಂದಲೇ ಸಿಗುತ್ತದೆ: ಪೆಡಲಿನ ಎಣ್ಣೆಯ ಒತ್ತಡ, ವಾಹನದ ವೇಗ, ಎಬಿಎಸ್ ಕೆಲಸ ಮಾಡುತ್ತಿದೆಯೇ ಇಲ್ಲವೇ ಎಂಬುದು. ಪೈಪು ಕೊಯ್ಯದೆಯೇ ಪಾದದ ಒತ್ತಡ ಮತ್ತೆ ಲೆಕ್ಕಕ್ಕೆ ಬಂತು. ಜೊತೆಗೆ ಟ್ರೇಲರ್ ಜೋಡಿಸಿದೆ, ಟ್ರೇಲರ್ ಕಳಚಿದೆ, ವೈರಿಂಗ್ ಪರೀಕ್ಷಿಸಿ ಎಂದೆಲ್ಲ ಹೇಳುವ ಪರದೆಯೂ ಬಂತು.

ದೋಷ ಹುಡುಕುವವರ ದಾರಿ ತಪ್ಪಿಸಿದ್ದು ಈ ಪರದೆಯೇ ಎಂದು ನನಗನಿಸುತ್ತದೆ. ಕಂಟ್ರೋಲರಿಗೆ ಗೊತ್ತಾಗುವುದು ಬ್ರೇಕಿನ ನೀಲಿ ವೈರಿನಲ್ಲಿ ಹರಿಯುವ ಕರೆಂಟು ಮಾತ್ರ. ಶೂ ಡ್ರಮ್ಮನ್ನು ಮುಟ್ಟುತ್ತಿದೆಯೇ ಎಂಬುದು ಅದಕ್ಕೆ ಕಾಣುವುದಿಲ್ಲ. ನಾಲ್ಕು ಚಕ್ರದ ಟ್ರೇಲರಿನಲ್ಲಿ ಎರಡು ಮ್ಯಾಗ್ನೆಟ್ಟು ಸತ್ತಿದ್ದರೂ ಉಳಿದ ಎರಡನ್ನು ನೋಡಿ ಅದು ಟ್ರೇಲರ್ ಜೋಡಿಸಿದೆ ಎಂದೇ ಹೇಳುತ್ತದೆ. ಎರಡೇ ಬ್ರೇಕಿನ ಸಣ್ಣ ಟ್ರೇಲರೂ ಅದಕ್ಕೆ ಹಾಗೆಯೇ ಕಾಣಬೇಕಲ್ಲ. ಇನ್ನೊಂದು ಕಡೆ ವೈರಿಂಗ್ ದೋಷದ ಸೂಚನೆ ಬಂದೊಡನೆ ಮಾಲೀಕ ಓಡುವುದು ಟ್ರಕ್ಕಿನ ಡೀಲರನ ಬಳಿ. ಅವರು ಟ್ರಕ್ಕಿನಲ್ಲಿ ಏನೂ ಇಲ್ಲವೆಂದು ಕಳಿಸುತ್ತಾರೆ. ಟ್ರೇಲರ್ ಅಂಗಡಿಯವರು ಟ್ರಕ್ಕಿನತ್ತ ಬೆರಳು ತೋರಿಸುತ್ತಾರೆ.

ಅಂಗಳದಲ್ಲಿ ನಿಲ್ಲಿಸಿಕೊಂಡು ಅಳೆಯಹೊರಟರೆ ಇನ್ನೊಂದು ಎಡವಟ್ಟು. ಒಳಗೇ ಅಳವಡಿಸಿದ ಕಂಟ್ರೋಲರುಗಳಲ್ಲಿ ಹಲವು ವಾಹನ ನಿಂತಿರುವಾಗ ಪೆಡಲ್ ಒತ್ತಿದರೆ ಅಲ್ಪ ವೋಲ್ಟೇಜನ್ನಷ್ಟೇ ಕೊಡುತ್ತವೆ. ಕೆಲವು, ಟ್ರೇಲರ್ ಇದೆ ಎಂದು ಖಾತ್ರಿಯಾಗದೆ ಏನನ್ನೂ ಕೊಡುವುದಿಲ್ಲ. ಕೊಟ್ಟರೂ ಅದು ಒಂದೇ ಸಮನೆ ಹರಿವ ಕರೆಂಟಲ್ಲ, ಸೆಕೆಂಡಿಗೆ ನೂರಾರು ಸಲ ಹತ್ತಿ ಆರುವ ತುಣುಕುಗಳು. ಸಾದಾ ಮಲ್ಟಿಮೀಟರ್ ಅದರ ಸರಾಸರಿಯನ್ನು ಒದರುತ್ತದೆ, ಕೆಲವೊಮ್ಮೆ ಅದನ್ನೂ ಸರಿಯಾಗಿ ಹೇಳುವುದಿಲ್ಲ. ಚೆನ್ನಾಗಿರುವ ಕಂಟ್ರೋಲರನ್ನು ಕೆಟ್ಟಿದೆ ಎಂದು ಬದಲಿಸಿದವರು ಇದರಿಂದಲೇ ಹೆಚ್ಚು.

ಅನುಭವಸ್ಥರು ಟ್ರಕ್ಕನ್ನು ಪಕ್ಕಕ್ಕಿಟ್ಟೇ ಶುರುಮಾಡುತ್ತಾರೆ. ಟ್ರೇಲರಿನ ಪ್ಲಗ್ ಕಳಚಿ, ತುಂಬಿದ 12 ವೋಲ್ಟಿನ ಬ್ಯಾಟರಿಯನ್ನು ಬ್ರೇಕ್ ಪಿನ್ನಿಗೂ ಅರ್ತ್ ಪಿನ್ನಿಗೂ ನೇರ ಕೊಟ್ಟು, ನಡುವೆ ಆಂಪಿಯರ್ ಮೀಟರ್ ಹಾಕುತ್ತಾರೆ. ಹತ್ತು, ಹನ್ನೆರಡು ಅಂಗುಲದ ಬ್ರೇಕಿನ ಮ್ಯಾಗ್ನೆಟ್ಟಿಗೆ ಸುಮಾರು 3.2 ಓಮ್ ಪ್ರತಿರೋಧ. ಎರಡು ಆಕ್ಸಲ್ಲಿನ ಟ್ರೇಲರಿನಲ್ಲಿ ನಾಲ್ಕು ಮ್ಯಾಗ್ನೆಟ್ಟು ಸಮಾನಾಂತರವಾಗಿ ಸೇರಿ 0.8 ಓಮ್. ವೈರಿನಲ್ಲಿ ಆಗುವ ನಷ್ಟ ಕಳೆದು ಹನ್ನೆರಡು, ಹದಿಮೂರು ಆಂಪಿಯರ್ ಹರಿಯಬೇಕು. ಒಂಬತ್ತು ಬಂದರೆ ಒಂದು ಮ್ಯಾಗ್ನೆಟ್ಟು ಕೈಕೊಟ್ಟಿದೆ ಎಂಬ ಊಹೆ, ಆರು ಬಂದರೆ ಒಂದು ಆಕ್ಸಲ್ಲೇ ಕಡಿದುಹೋಗಿರಬಹುದು.

ಆರಕ್ಕೆ ಇನ್ನೊಂದು ಕಾರಣವೂ ಇದೆ, ಅದು ಇನ್ನೂ ಹೆಚ್ಚು ಕಾಡುವಂಥದ್ದು. ಕಿಲುಬು ಹಿಡಿದ ಒಂದೇ ಒಂದು ಜೋಡಣೆಯಲ್ಲಿ 1 ಓಮ್ ಪ್ರತಿರೋಧ ಸೇರಿಕೊಂಡಿದೆ ಎಂದುಕೊಳ್ಳಿ. ಒಟ್ಟು ಪ್ರತಿರೋಧ 0.8ರಿಂದ 1.8 ಓಮ್‌ಗೆ ಏರಿತು. 12 ವೋಲ್ಟಿನಲ್ಲಿ ಮ್ಯಾಗ್ನೆಟ್ಟುಗಳಿಗೆ ದಕ್ಕುವುದು ಸುಮಾರು ಐದೂ ಕಾಲು ವೋಲ್ಟು. ಆದರೆ ಮ್ಯಾಗ್ನೆಟ್ಟಿನ ವೈರು ಬಿಚ್ಚಿ ಮೀಟರ್ ಹಿಡಿದರೆ ಪೂರ್ತಿ 12 ವೋಲ್ಟೇ ಕಾಣುತ್ತದೆ, ಏಕೆಂದರೆ ಮೀಟರಿಗೆ ಬೇಕಾದ ಕರೆಂಟು ತೀರಾ ಕಡಿಮೆ. ಎಲ್ಲ ಸರಿಯಿದೆ, ಬ್ರೇಕು ಮಾತ್ರ ಹಿಡಿಯುತ್ತಿಲ್ಲ ಎಂಬ ಗೋಳಿನ ಹಿಂದೆ ಬಹಳ ಸಲ ಇರುವುದು ಈ 1 ಓಮ್. ಹಿಮಕ್ಕೆ ಉಪ್ಪು ಚೆಲ್ಲುವ ಉತ್ತರದ ರಾಜ್ಯಗಳಲ್ಲಿ ಬಂಪರಿನ ಕೆಳಗಿನ ಏಳು ಪಿನ್ನಿನ ಸಾಕೆಟ್ಟು, ಟ್ರೇಲರಿನ ಮೂತಿಗೆ ಸ್ಕ್ರೂ ಹಾಕಿ ಕಟ್ಟಿದ ಅರ್ತ್ ವೈರು, ಆಕ್ಸಲ್ಲಿನ ಬಳಿ ಚಿಮಟಿ ಹಾಕಿ ಸೇರಿಸಿದ ವೈರಿನ ಜೋಡಣೆ, ಈ ಮೂರೂ ಮೊದಲ ಗುಮಾನಿಯವು. ಅರ್ತ್ ಹಾಳಾದಾಗ ಕರೆಂಟು ಕೊಂಡಿಯ ಗುಂಡಿನ ಮೂಲಕ ದಾರಿ ಹುಡುಕಿಕೊಳ್ಳುವುದುಂಟು. ಗುಂಡಿಗೆ ಗ್ರೀಸ್ ಹಚ್ಚಿದ ದಿನ ಆ ದಾರಿಯೂ ಮುಚ್ಚುತ್ತದೆ.

ಗುಂಡಿ ಬಿದ್ದ ರಸ್ತೆಯಲ್ಲಿ ಮಾತ್ರ ಸೂಚನೆ ಮಿನುಗಿ ಮಾಯವಾಗುತ್ತಿದ್ದರೆ ಆಕ್ಸಲ್ ಕೊಳವೆಯ ಒಳಗೆ ನೋಡಬೇಕು. ಒಂದು ಚಕ್ರದಿಂದ ಇನ್ನೊಂದಕ್ಕೆ ಹೋಗುವ ವೈರನ್ನು ಹಲವು ಟ್ರೇಲರುಗಳಲ್ಲಿ ಆ ಕೊಳವೆಯೊಳಗೇ ಸಡಿಲವಾಗಿ ಹಾಯಿಸಿರುತ್ತಾರೆ. ಅದು ವರ್ಷಗಟ್ಟಲೆ ಉಕ್ಕಿಗೆ ಉಜ್ಜಿ ಸಿಪ್ಪೆ ಸುಲಿದು ಶಾರ್ಟ್ ಆಗುತ್ತದೆ. ಹಳೆಯದನ್ನು ಕಡಿದು, ಹೊಸ ದಪ್ಪ ವೈರನ್ನು ಕೊಳವೆಯ ಹೊರಗೆ ಕಟ್ಟುವುದೇ ಪರಿಹಾರ.

ಆಂಪಿಯರ್ ಲೆಕ್ಕ ಸರಿಬಂದೂ ಬ್ರೇಕು ಸೋತರೆ ಡ್ರಮ್ ಬಿಚ್ಚಬೇಕು. ಅಲ್ಲಿ ಹೆಚ್ಚಾಗಿ ಕಾಣುವುದು ಗ್ರೀಸು. ಆಕ್ಸಲ್ಲಿನ ತುದಿಯ ನಿಪ್ಪಲ್ಲಿಗೆ ಗ್ರೀಸ್ ಗನ್ ಇಟ್ಟು ಚಕ್ರ ತಿರುಗಿಸದೆ ಒತ್ತಿದರೆ ಸೀಲು ದಾಟಿ ಒಳನುಗ್ಗಿ ಶೂಗಳನ್ನು ತೋಯಿಸುತ್ತದೆ. ಗ್ರೀಸು ಕುಡಿದ ಶೂವನ್ನು ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು. ಮ್ಯಾಗ್ನೆಟ್ಟಿನ ಮುಖಕ್ಕೆ ನೇರ ಅಂಚಿನ ಪಟ್ಟಿ ಇಟ್ಟು ನೋಡಿದರೆ ಒಂದು ಪಕ್ಕ ಸವೆದದ್ದು ತಿಳಿಯುತ್ತದೆ. ಸುರುಳಿ ಚೆನ್ನಾಗಿದ್ದರೂ ಓರೆಯಾಗಿ ಸವೆದದ್ದು ಸರಿಯಾಗಿ ಅಂಟುವುದಿಲ್ಲ. ತಾನೇ ಸರಿಹೊಂದಿಕೊಳ್ಳದ ಬಗೆಯ ಬ್ರೇಕಾದರೆ ಹಿಂಬದಿಯ ಕಿಂಡಿಯಿಂದ ನಕ್ಷತ್ರಾಕಾರದ ತಿರುಪು ತಿರುಗಿಸಿ ಶೂ ಹತ್ತಿರ ತರಬೇಕು. ಚಕ್ರ ತಿರುಗಲು ತೀರಾ ಬಿಗಿಯಾಗುವವರೆಗೆ ಏರಿಸಿ, ಸಣ್ಣಗೆ ಉಜ್ಜುವ ಸದ್ದಷ್ಟೇ ಉಳಿಯುವವರೆಗೆ ಸಡಿಲಿಸುವುದು ಕ್ರಮ. ಹೊಸ ಟ್ರೇಲರಿಗೆ ಮೊದಲ 200 ಮೈಲಿಗೇ ಒಮ್ಮೆ, ಆಮೇಲೆ 3,000 ಮೈಲಿಗೊಮ್ಮೆ ಎಂದು ಆಕ್ಸಲ್ ತಯಾರಕ ಡೆಕ್ಸ್‌ಟರ್‌ನ ಸಲಹೆ. ಇದನ್ನು ಬಿಟ್ಟವರು ಪರದೆಯಲ್ಲಿ ಗೇನ್ ಅಂಕಿಯನ್ನು, ಅಂದರೆ ಟ್ರೇಲರ್ ಬ್ರೇಕಿಗೆ ಹೋಗುವ ಕರೆಂಟಿನ ಮಟ್ಟವನ್ನು, ಏರಿಸುತ್ತಲೇ ಹೋಗಿ ಹತ್ತಕ್ಕೆ ಮುಟ್ಟಿಸುತ್ತಾರೆ. ಗೇನ್ ಹೊಂದಿಸುವುದು ಎಲ್ಲ ಸರಿಯಾದ ಮೇಲೆ: ಖಾಲಿ ರಸ್ತೆಯಲ್ಲಿ ಗಂಟೆಗೆ 20ರಿಂದ 25 ಮೈಲಿ ವೇಗದಲ್ಲಿ ಕಂಟ್ರೋಲರಿನ ಕೈ ಸ್ವಿಚ್ಚನ್ನು ಪೂರ್ತಿ ಒತ್ತಿ, ಟ್ರೇಲರಿನ ಚಕ್ರ ಜಾಮ್ ಆಗುವ ಅಂಕಿಗಿಂತ ತುಸು ಕೆಳಗೆ ನಿಲ್ಲಿಸಬೇಕು.

ಟ್ರೇಲರ್ ಕಳಚಿಕೊಂಡರೆ ಪಿನ್ ಕಿತ್ತುಬಂದು ಟ್ರೇಲರಿನ ಬ್ಯಾಟರಿಯಿಂದಲೇ ಬ್ರೇಕು ಹಾಕುವ ತುರ್ತು ಸ್ವಿಚ್ಚೂ ಈ ಸರ್ಕೀಟಿನಲ್ಲೇ ಇದೆ. ಹಿಡಿತ ಕನಿಷ್ಠ 15 ನಿಮಿಷ ಉಳಿಯಬೇಕೆಂಬ ನಿಯಮ ಅಮೆರಿಕದಲ್ಲೂ ಆಸ್ಟ್ರೇಲಿಯಾದಲ್ಲೂ ಇದೆ. ಇದರ ಪರೀಕ್ಷೆಗೆ ಮುಂಚೆ ಪ್ಲಗ್ ಕಳಚಲೇಬೇಕು, ಇಲ್ಲವಾದರೆ ಟ್ರೇಲರಿನ 12 ವೋಲ್ಟು ಹಿಂದಕ್ಕೆ ಹರಿದು ಟ್ರಕ್ಕಿನ ಕಂಟ್ರೋಲರನ್ನೇ ಸುಡಬಹುದು.

ಮ್ಯಾಗ್ನೆಟ್ಟಿನ ಬದಲು ವಿದ್ಯುತ್ ಪಂಪು ನಡೆಸುವ ಹೈಡ್ರಾಲಿಕ್ ಡಿಸ್ಕ್ ಬ್ರೇಕು ಭಾರಿ ಟ್ರೇಲರುಗಳಿಗೆ ಬಂದಾಗ, ಮ್ಯಾಗ್ನೆಟ್ಟುಗಳ ಕಡಿಮೆ ಪ್ರತಿರೋಧವನ್ನೇ ನಿರೀಕ್ಷಿಸುತ್ತಿದ್ದ ಮೊದಲ ಕಂಟ್ರೋಲರುಗಳಲ್ಲಿ ಕೆಲವಕ್ಕೆ ಅದು ಟ್ರೇಲರೆಂದೇ ಗೊತ್ತಾಗಲಿಲ್ಲ. ಈಗ ರ‍್ಯಾಮ್‌ನಂಥವರ ಮೆನುವಿನಲ್ಲಿ ಹಗುರ ವಿದ್ಯುತ್, ಭಾರಿ ವಿದ್ಯುತ್, ಎರಡು ಬಗೆಯ ಹೈಡ್ರಾಲಿಕ್ ಎಂದು ನಾಲ್ಕು ಆಯ್ಕೆಗಳಿವೆ. ಬ್ರೇಕು ಬಲವಾಗಿಲ್ಲ ಎಂಬ ದೂರಿಗೆ ತಪ್ಪು ಆಯ್ಕೆಯೇ ಕಾರಣವಾಗಿರುವುದೂ ಉಂಟು. ರಿವಿಯನ್ ಆರ್1ಟಿಯಂಥ ಬ್ಯಾಟರಿ ಪಿಕಪ್‌ಗಳು ಇನ್ನೊಂದು ಪ್ರಶ್ನೆ ತಂದಿವೆ. ಆಕ್ಸಲರೇಟರ್ ಬಿಟ್ಟೊಡನೆ ಮೋಟರೇ ವಾಹನವನ್ನು ತಡೆದು ಬ್ಯಾಟರಿಗೆ ಚಾರ್ಜ್ ಕೊಡುತ್ತದೆ, ಪಾದ ಬ್ರೇಕ್ ಪೆಡಲನ್ನು ಮುಟ್ಟಿಯೇ ಇರುವುದಿಲ್ಲ. ಆ ತಡೆಯ ಹೊತ್ತಿಗೆ ಟ್ರೇಲರಿಗೆ ಎಷ್ಟು ಕರೆಂಟು ಕೊಡಬೇಕು, ಕೊಡಬೇಕೇ ಬೇಡವೇ ಎಂಬುದನ್ನು ಪೆಡಲಿನ ಒತ್ತಡದಿಂದ ಲೆಕ್ಕ ಹಾಕಲಾಗದು. ವಾಹನದ ವೇಗ ಇಳಿಯುವುದನ್ನೇ ಅಳೆಯಬೇಕಾಗುತ್ತದೆ, ಹಳೆಯ ಲೋಲಕ ಮಾಡುತ್ತಿದ್ದ ಹಾಗೆ.